ಮುಂಬೈ–ಮದ್ರಾಸ್ ರೈಲು ಮಾನ್ವಿ ಮೇಲೆ ಹೋಗಬೇಕಿತ್ತಾ? 1871ರ ದಾರಿ ಮತ್ತೆ ಹಾಕೋದಾದ್ರೆ ಹೆಂಗ ಹಾಕ್ತೀರಿ?

ಮಾನ್ವಿಯವ

ಹೋದ ಭಾನುವಾರ ಮಳೆ ಹಿಡಕೊಂಡಿತ್ತು, ಹೊರಗೆ ಹೋಗೋ ಹಂಗಿರಲಿಲ್ಲ. ಹಳೆ ಭೂಪಟ ನೆಲದ ಮೇಲೆ ಹಾಸಿ, ಅವ್ವನ ಹೊಲಿಗೆ ಡಬ್ಬಿಯಿಂದ ದಾರದುಂಡೆ ತಗೊಂಡು ಕೂತೆ. ಗುತ್ತಿ ಮೇಲೆ ಒಂದು ಗುಂಡುಪಿನ್ನು, ಸೊಲ್ಲಾಪುರದ ಮೇಲೆ ಇನ್ನೊಂದು. ದಾರ ಬಿಗಿದು ನೋಡಿದರೆ ಅದು ಎಲ್ಲೆಲ್ಲಿ ಹಾಯ್ತು ಗೊತ್ತೇನ್ರಿ? ಮೊದಲು ಆದವಾನಿ. ಆಮೇಲೆ ನೆಟ್ಟಗೆ ನಮ್ಮ ಮಾನ್ವಿ. ಅಲ್ಲಿಂದ ಸುರಪುರದ ಮಗ್ಗುಲಲ್ಲೇ ಹಾದು ಸೊಲ್ಲಾಪುರ. ರಾಯಚೂರು ದಾರದಿಂದ ಪೂರ್ವಕ್ಕೆ ಹೆಚ್ಚು ಕಡಿಮೆ ಐವತ್ತು ಕಿಲೋಮೀಟರ್ ದೂರ ಉಳೀತು!

ಮುಂಬೈ ಕಡೆಯಿಂದ ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ) ಕಂಪನಿ, ಮದ್ರಾಸ್ ಕಡೆಯಿಂದ ಮದ್ರಾಸ್ ರೈಲ್ವೆ ಕಂಪನಿ ಹಳಿ ಹಾಕ್ಕೊಂತ ಬಂದು 1871ರಲ್ಲಿ ರಾಯಚೂರಿನಲ್ಲಿ ಕೈ ಕುಲುಕಿದವು. ಅದೆಲ್ಲಾ ಶಾಲೆಯಲ್ಲಿ ಓದಿದ್ದೇ. ಆದರೆ ನೆಟ್ಟಗಿನ ದಾರಿ ಬಿಟ್ಟು ಪೂರ್ವಕ್ಕೆ ಯಾಕೆ ಸೊಂಟ ತಿರುಗಿಸಿದರು? ಮಾನ್ವಿ, ದೇವದುರ್ಗ, ಸುರಪುರ ಎಲ್ಲಾ ಆ ಕಾಲಕ್ಕೆ ಸಣ್ಣ ಊರೇನಲ್ಲ. ನೂರೈವತ್ತು ವರ್ಷ ಆದಮೇಲೂ ನಾವು ರೈಲು ಹತ್ತಬೇಕಂದ್ರೆ ಬ್ಯಾಗು ಹೊತ್ತು ಬಸ್ಸಿನಲ್ಲಿ ರಾಯಚೂರಿಗೆ ಹೋಗಬೇಕು. ಈಗ ನಾನು ಬಳ್ಳಾರಿಯಲ್ಲಿ ಕೆಲಸಕ್ಕಿದ್ದೀನಿ. ರಾಯಚೂರಿನಿಂದ ಬಳ್ಳಾರಿಗೆ ರೈಲಿನಲ್ಲಿ ಬರೋದಾದರೆ ಗುಂತಕಲ್ ಸುತ್ತಿ ಬರಬೇಕು. ರಾತ್ರಿ ಎರಡು ಗಂಟೆಗೆ ಗುಂತಕಲ್ ಪ್ಲಾಟ್‌ಫಾರ್ಮಿನ ಮೇಲೆ ಚೀಲಕ್ಕೆ ತಲೆ ಕೊಟ್ಟು ಮಲಗಿದವರಿಗೆ ಈ ಪ್ರಶ್ನೆ ಅರ್ಥ ಆಗ್ತದೆ.

ತಿಳಿದವರು ಹೇಳ್ರಿ. ನೀವೇ ಇಂಜಿನಿಯರ್ ಆಗಿದ್ರೆ ಆ ದಾರಿ ಹೆಂಗ ಹಾಕ್ತಿದ್ರಿ?

ಅಡತಿ ಅಂಗಡಿ

ಐವತ್ತು ಕಿಲೋಮೀಟರ್ ದೂರ ಅಂತ ಹೊಟ್ಟೆಕಿಚ್ಚು ಯಾಕಪಾ ತಮ್ಮಾ. ರಾಯಚೂರು ಸುಮ್ನ ಬೆಳೀಲಿಲ್ಲ 😄

ಎರಿ ಮಸಾರಿ

ಮಾನ್ವಿಯವರ ದಾರ ಚೆನ್ನಾಗಿದೆ. ಆದರೆ ದಾರಕ್ಕೆ ಹೊಳೆ ಕಾಣಲ್ಲ.

ನಾನು ಮಣ್ಣಿನ ಕೆಲಸದ ಸಿವಿಲ್ ಇಂಜಿನಿಯರ್. ರಸ್ತೆ, ಕಾಲುವೆ, ಒಂದೆರಡು ವರ್ಷ ರೈಲು ಕಟ್ಟೆ ಕೆಲಸವನ್ನೂ ನೋಡಿದ್ದೇನೆ. ಇದೇ ಭೂಪಟದ ಮೇಲೆ ಭೀಮೆಯನ್ನು ಬೆರಳಿನಿಂದ ಹಿಡಿದುಕೊಂಡು ಬನ್ನಿ. ಈಗಿರುವ ಹಳಿ ಕಲಬುರಗಿಯಿಂದ ವಾಡಿ, ಯಾದಗಿರಿ, ಸೈದಾಪುರ ಹಿಡಿದು ಬರುತ್ತದೆ. ಅಷ್ಟು ದೂರವೂ ಅದು ಭೀಮೆಯ ಎಡದಂಡೆ ಬಿಟ್ಟು ಅಲ್ಲಾಡುವುದಿಲ್ಲ. ಭೀಮೆ ಕೃಷ್ಣೆಯನ್ನು ಕೂಡಿಕೊಳ್ಳುತ್ತದಲ್ಲ, ಆ ಕೂಡಲದ ಸ್ವಲ್ಪ ಕೆಳಗೆ ಕೃಷ್ಣಾ ಸ್ಟೇಷನ್. ಅಲ್ಲಿ ಒಂದೇ ಸೇತುವೆ ಕಟ್ಟಿ, ಎರಡು ನದಿಯನ್ನು ಒಂದೇ ಏಟಿಗೆ ದಾಟಿಬಿಟ್ಟಿದ್ದಾರೆ.

ನಿಮ್ಮ ದಾರದ ಪ್ರಕಾರ ಹೋದರೆ ಅಫಜಲಪುರ ಕಡೆ ಎಲ್ಲೋ ಭೀಮೆಗೆ ಒಂದು ಸೇತುವೆ, ಸುರಪುರ–ದೇವದುರ್ಗದ ನಡುವೆ ಕೃಷ್ಣೆಗೆ ಇನ್ನೊಂದು. ಆ ಕಾಲದಲ್ಲಿ ಕಾಂಕ್ರೀಟ್ ಇರಲಿಲ್ಲ. ಕಲ್ಲು, ಗಾರೆ, ವಿಲಾಯಿತಿಯಿಂದ ಹಡಗಿನಲ್ಲಿ ಬಂದ ಕಬ್ಬಿಣದ ತೊಲೆ, ಇಷ್ಟೇ. ಇಷ್ಟು ದೊಡ್ಡ ಹೊಳೆಗೆ ಸೇತುವೆ ಅಂದರೆ ಬೇಸಿಗೆಯಲ್ಲಿ ಮಾತ್ರ ಪಾಯದ ಕೆಲಸ, ಮಳೆಗಾಲ ಪೂರ್ತಿ ಕೈಕಟ್ಟಿ ಕೂರಬೇಕು. ಒಂದು ಸೇತುವೆ ಉಳಿಸಿದರೆ ಎರಡು ಮೂರು ವರ್ಷ ಉಳಿಸಿದ ಹಾಗೆ.

ಇನ್ನು ಆ ಐವತ್ತು ಕಿ.ಮೀ. ಕೇಳಿದರೆ ದೊಡ್ಡದು ಅನಿಸುತ್ತದೆ. ಈಗ ಅದೇ ದಾರವನ್ನು ಗುತ್ತಿ, ರಾಯಚೂರು, ವಾಡಿ, ಸೊಲ್ಲಾಪುರ ಅಂತ ಬಾಗಿಸಿ ಅಳೆಯಿರಿ. ನೆಟ್ಟಗಿನ ದಾರಕ್ಕಿಂತ ಇಪ್ಪತ್ತೈದು ಕಿ.ಮೀ. ಹೆಚ್ಚಾಗಬಹುದು, ಅದಕ್ಕೆ ಮೇಲೆ ಹೋಗುವುದಿಲ್ಲ. ಮುಂಬೈ–ಚೆನ್ನೈ ಪೂರ್ತಿ ದಾರಿ ಸುಮಾರು 1280 ಕಿ.ಮೀ. ಅದರಲ್ಲಿ ಇಪ್ಪತ್ತೈದು ಕೊಟ್ಟು ಒಂದು ದೊಡ್ಡ ಸೇತುವೆ ತಪ್ಪಿಸಿಕೊಂಡಿದ್ದಾರೆ. ಸರ್ವೆ ಮಾಡಿದವನಿಗೆ ಕೈ ಮುಗೀಬೇಕು ಅನಿಸುತ್ತದೆ ನನಗೆ.

ಮಾನ್ವಿಯವ

ಸರ್, ಈಗಷ್ಟೇ ಮತ್ತೆ ದಾರ ಹಿಡಿದೆ. ಇಪ್ಪತ್ತಮೂರು ಬಂತು. ಒಪ್ಪಿದೆ. ಬಾಯಿ ಮುಚ್ಚಿಸಿಬಿಟ್ರಿ.

ಆದರೂ ಒಂದು ಮಾತು. ಸೇತುವೆ ಒಂದು ಉಳಿಸಿದ್ರು, ಸರಿ. ಹಂಗಾದ್ರೆ ಇಡೀ ದಾರಿಯಲ್ಲಿ ತಪ್ಪೇ ಇಲ್ವಾ?

ನಿವೃತ್ತ ಮೇಷ್ಟ್ರು, ಬಳ್ಳಾರಿ

ತಪ್ಪು ಭೂಪಟದ ಮೇಲೆ ಹುಡುಕಿದರೆ ಸಿಗುವುದಿಲ್ಲ ತಮ್ಮಾ, ಕ್ಯಾಲೆಂಡರ್ ಮೇಲೆ ಹುಡುಕು.

ಸಾಲಾಗಿ ಹೇಳುತ್ತೇನೆ. 1853ರ ಏಪ್ರಿಲ್ 16ಕ್ಕೆ ಮುಂಬೈಯ ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು. ಅದೇ ವರ್ಷ ಗವರ್ನರ್ ಜನರಲ್ ಡಾಲ್‌ಹೌಸಿ ತನ್ನ ಟಿಪ್ಪಣಿಯಲ್ಲಿ ಪ್ರೆಸಿಡೆನ್ಸಿಗಳನ್ನೆಲ್ಲ ಹೆದ್ದಾರಿಯಂಥ ರೈಲು ಮಾರ್ಗಗಳಿಂದ ಜೋಡಿಸಬೇಕು ಎಂದು ಬರೆದ. ಪುಣೆಗೆ 1858, ಸೊಲ್ಲಾಪುರಕ್ಕೆ 1860. ನಡುವೆ ಬೋರ್ ಘಾಟ್ ಇತ್ತಲ್ಲ, ಮೂವತ್ತೇಳು ಅಡಿ ಹೋದರೆ ಒಂದು ಅಡಿ ಏರು, ಇಪ್ಪತ್ತೈದು ಸುರಂಗ, ಅದು ಮುಗಿದದ್ದು 1863. ಅಂಥಾ ಸಹ್ಯಾದ್ರಿಯನ್ನೇ ಕೊರೆದು ಮೇಲೆ ಬಂದವರು, ಅಂಗೈಯಂಥ ಬಯಲಿನಲ್ಲಿ ಸೊಲ್ಲಾಪುರದಿಂದ ರಾಯಚೂರಿಗೆ ಬರಲು ಎಷ್ಟು ವರ್ಷ ತಗೊಂಡರು? ಹನ್ನೊಂದು. ದೂರ ಸುಮಾರು 260 ಕಿ.ಮೀ. ಎತ್ತಿನ ಗಾಡಿಯಲ್ಲಿ ಹತ್ತು ಹನ್ನೆರಡು ದಿನದ ಹಾದಿ ಅದು!

ಯಾಕೆ? ಜಿಐಪಿ ಕಂಪನಿಗೆ ನಾವು ಬೇಕಿರಲಿಲ್ಲ. ಅದರ ಕಣ್ಣೆಲ್ಲ ಉತ್ತರದ ಮೇಲೆ. ನಾಗಪುರಕ್ಕೆ 1867ರಲ್ಲಿ ಹೋಯಿತು, ಜಬಲ್ಪುರಕ್ಕೆ ಹೋಗಿ ಕಲ್ಕತ್ತೆ ಕಡೆಯ ಹಳಿಗೆ ಕೂಡಿದ್ದು 1870ರಲ್ಲಿ. ಆ ಕೆಲಸ ಮುಗಿದ ಮೇಲೆ ನಮ್ಮ ನೆನಪಾಯಿತು. ಮದ್ರಾಸ್ ಕಂಪನಿಯೂ ಹಾಗೇ. 1856ರಲ್ಲಿ ಆರ್ಕಾಟಿನ ಕಡೆಗೆ ಶುರು ಮಾಡಿ, ಮೊದಲು ಪಶ್ಚಿಮ ಕರಾವಳಿಯ ಬೇಪುರಕ್ಕೆ ಓಡಿತು, 1862ರ ಹೊತ್ತಿಗೆ ಅದನ್ನು ಮುಗಿಸಿತು. ಅರಕ್ಕೋಣಂನಿಂದ ಕಡಪ, ಗುತ್ತಿ ಮೇಲೆ ಈ ಕಡೆಗೆ ಬಂದ ಹಳಿಗೆ ಎರಡನೇ ಹೆಂಡತಿಯ ಮಕ್ಕಳ ಪಾಡು.

ಎರಡು ಕಂಪನಿಗೂ ರಾಯಚೂರು ಅಂದರೆ ಊರಿನ ಕೊನೇ ಮನೆ. ಇಬ್ಬರೂ ಕೊನೆಗೆ ಬಂದರು.

ಅಡತಿ ಅಂಗಡಿ

ಮೇಷ್ಟ್ರ ಈ ಮಾತಿಗೆ ನಮ್ಮ ಧಂದೆ ಲೆಕ್ಕ ಸೇರಸ್ತೀನಿ.

ನಮ್ಮದು ನಾಕು ತಲಿಮಾರಿನ ಹತ್ತಿ ಅಡತಿ. 1861ರಿಂದ 65ರ ತನಕ ಅಮೆರಿಕಾದಾಗ ಅವರವರ ನಡುವ ಯುದ್ಧ ನಡೀತು. ಅಲ್ಲಿಂದ ಇಂಗ್ಲೆಂಡಿಗೆ ಹೋಗೋ ಹತ್ತಿ ನಿಂತು ಹೋತು. ಮ್ಯಾಂಚೆಸ್ಟರ್ ಮಿಲ್ಲುಗಳು ಈ ಕಡೆ ಮುಖ ಮಾಡಿದ್ವು. ಮುಂಬೈದಾಗ ಹತ್ತಿ ದರ ಮುಗಿಲು ಮುಟ್ಟಿತ್ತು. ಆ ಟೈಮಿನ್ಯಾಗ ಧಾರವಾಡ ಸೀಮಿ ಹತ್ತಿ ಎಲ್ಲಾ ಗಾಡಿ ಮ್ಯಾಲೆ ಘಟ್ಟ ಇಳದು ಕುಮಟಾ ಬಂದರಿಗೆ ಹೋಗತಿತ್ತು. ಗಾಡಿ ಸಾಲು, ಧೂಳು, ಮಳಿ ಬಂದ್ರ ಮುಗೀತು. ಅಂಡಿಗಿ ತೊಯ್ದ್ರ ಹತ್ತಿ ಹಳದಿ ಆಗತದ, ದರ ಅರ್ಧ.

ಆಗ ಸೊಲ್ಲಾಪುರದಾಗ ನಿಂತಿದ್ದ ಹಳಿ ರಾಯಚೂರಿಗೆ ಬಂದಿದ್ರ? 260 ಕಿಲೋಮೀಟರ್ ಅಷ್ಟ ಬಾಕಿ ಇತ್ತು. ಕೃಷ್ಣಾ–ತುಂಗಭದ್ರಾ ನಡುವಿನ ನಮ್ಮ ದೋಆಬ್ ಹತ್ತಿ ಒಂದ ವಾರದಾಗ ಮುಂಬೈ ಹತ್ತಿ ಪ್ಯಾಟಿ ಕಾಟನ್ ಗ್ರೀನ್‌ನ್ಯಾಗ ಇರತಿತ್ತು. ಯುದ್ಧ ಮುಗದು, ದರ ಬಿದ್ದು, ಸೇಠಗಳು ದಿವಾಳಿ ಎದ್ದ ಮ್ಯಾಲೆ ರೈಲು ಬಂತು. ಕೋಟಿ ಕೊಳ್ಳಿ ಹೊಡದ ಮ್ಯಾಲೆ ದಿಡ್ಡಿ ಬಾಗಿಲಾ ಹಾಕಿದಂಗ.

ಮದವಿ ಮುಗದ ಮ್ಯಾಲೆ ಓಲಗದವರು ಬಂದ್ರು ಅಂತ ನಮ್ಮಜ್ಜ ಅಂತಿದ್ದ.

ಎರಿ ಮಸಾರಿ

ಸಣ್ಣ ತಿದ್ದುಪಡಿ, ಕಾಟನ್ ಗ್ರೀನ್ ಈಗ ರೈಲ್ವೆ ಸ್ಟೇಷನ್ ಹೆಸರಿರುವ ಜಾಗ ಬೇರೆ, ಮೊದಲಿದ್ದ ಜಾಗ ಬೇರೆ. ಅದು ಬಿಡಿ. ಮಾತು ಒಪ್ಪುತ್ತೇನೆ.

ಅಡತಿ ಅಂಗಡಿ

ಎಲ್ಲಿದ್ರೇನ್ರಿ ಸಾಹೇಬ್ರ, ನಮಗ ದರ ಸಿಕ್ಕಿದ್ರ ಸಾಕಿತ್ತು.

ಕೀಮನ್ ಮಗ, ಕೊಪ್ಪಳ

ನಾ ಓದಿದ್ದು ಕಡಿಮಿ, ಆದ್ರ ಹಳಿ ಮ್ಯಾಲೆ ಬೆಳದವ. ನಮ್ಮಪ್ಪ ಕೀಮನ್ ಇದ್ದ. ದಿನಾ ಬೆಳಗ್ಗೆ ಸುತ್ತಿಗಿ, ಪಾನಾ, ಕೆಂಪು ಹಸಿರು ಬಾವುಟ ಹೆಗಲಿಗೆ ಹಾಕ್ಕೊಂಡು ಹಳಿ ಗುಂಟ ಹೋಗಾವ. ಕೀಲಿಗೆ ಒಂದು ಏಟು. ಠಣ್ ಅಂದ್ರ ಬಿಗಿ ಐತಿ, ಮುಂದಕ್ಕ. ಡಬ್ ಅಂದ್ರ ಸಡ್ಲ ಆಗೈತಿ, ಕುಂತು ಹೊಡಿ. ಸಣ್ಣವಿದ್ದಾಗ ನಾನೂ ಸೂಟಿ ದಿನ ಹಿಂದ ಹೋಗತಿದ್ದೆ. ಕಣ್ಣು ಮುಚ್ಚಿ ಕೇಳಿ ಸಡ್ಲ ಯಾವುದು ಅಂತ ಹೇಳತಿದ್ದೆ.

ನೀವೆಲ್ಲಾ ರಾಯಚೂರು ಲೈನ್ ಬಗ್ಗೆನ ಮಾತಾಡಾಕತ್ತೀರಿ. ನಮ್ಮ ಕೊಪ್ಪಳ ಲೈನ್? ಗುಂತಕಲ್, ಬಳ್ಳಾರಿ, ಹೊಸಪೇಟಿ, ಕೊಪ್ಪಳ, ಗದಗ, ಹುಬ್ಬಳ್ಳಿ. ಇದೂ ಬ್ರಿಟಿಷರದ, ಆದ್ರ ಸಣ್ಣ ಗೇಜು, ಅಂದ್ರ ಎರಡು ಕಂಬಿ ನಡುವಿನ ಅಗಲ ಕಡಿಮಿ. ದೊಡ್ಡ ತಪ್ಪು ಅದ ಅಲ್ಲೇನ್ರಿ? ತೊಂಬತ್ತರ ದಶಕದಾಗ ಕಿತ್ತು ದೊಡ್ಡದು ಹಾಕಿದ್ರು. ನಮ್ಮಪ್ಪನ ಅರ್ಧ ನೌಕ್ರಿ ಸಣ್ಣ ಗೇಜಿನ ಮ್ಯಾಲೆ, ಅರ್ಧ ದೊಡ್ಡದರ ಮ್ಯಾಲೆ.

ನಿವೃತ್ತ ಮೇಷ್ಟ್ರು, ಬಳ್ಳಾರಿ

ಕೀಮನ್ ಮಗ ಅವರೇ, ಚರ್ಚೆಯ ಹೊಟ್ಟೆಗೇ ಕೈ ಹಾಕಿದಿರಿ. ಇದನ್ನು ಬರೆಯಬೇಕು ಅಂತ ಬೆಳಗ್ಗೆಯಿಂದ ಅಂದುಕೊಂಡಿದ್ದೆ, ವಗ್ಗರಣೆ ಮಿರ್ಚಿ ತಿನ್ನುತ್ತಾ ಕೂತೆ, ತಡವಾಯಿತು.

ಬಳ್ಳಾರಿಗೆ ಮೊದಲು ಬಂದದ್ದು ದೊಡ್ಡ ಗೇಜೇ! ಮದ್ರಾಸ್ ರೈಲ್ವೆಯವರು ಗುಂತಕಲ್ಲಿನಿಂದ ಒಂದು ಕವಲು ತೆಗೆದು ಬಳ್ಳಾರಿಗೆ ತಂದಿದ್ದರು. ಆಮೇಲೆ ಅದನ್ನು ಕಿತ್ತು ಮೀಟರ್ ಗೇಜ್ ಮಾಡಿದರು. ಹೌದು, ದೊಡ್ಡದನ್ನು ಕಿತ್ತು ಸಣ್ಣದು. ನೂರು ವರ್ಷ ಕಳೆದ ಮೇಲೆ ಮತ್ತೆ ಸಣ್ಣದನ್ನು ಕಿತ್ತು ದೊಡ್ಡದು. ಒಂದೇ ದಾರಿಗೆ ಮೂರು ಸಲ ಹಳಿ.

ಕಾರಣ ಇದು. 1870ರ ಹೊತ್ತಿಗೆ ವೈಸರಾಯ್ ಮೇಯೋ ಕಾಲದಲ್ಲಿ, ದೊಡ್ಡ ಗೇಜಿನ ಖರ್ಚು ಸರ್ಕಾರಕ್ಕೆ ತಡೆಯಲಾಗದೆ, ಇನ್ನು ಮುಂದೆ ಕವಲು ದಾರಿಗಳಿಗೆಲ್ಲ ಮೀಟರ್ ಗೇಜ್ ಸಾಕು ಅಂದರು. ಐದೂವರೆ ಅಡಿ ಎಲ್ಲಿ, ಮೂರು ಅಡಿ ಮೂರು ಇಂಚು ಚಿಲ್ಲರೆ ಎಲ್ಲಿ. ಆಮೇಲೆ ಬಂತಲ್ಲ ಧಾತು ಸಂವತ್ಸರದ ಬರ, 1876ರಿಂದ 78. ನಮ್ಮ ಬಳ್ಳಾರಿ ಸೀಮೆ ಅತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಒಂದು. ಪರಿಹಾರದ ಕೆಲಸಕ್ಕೆ ಬಂದ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೆ ಪುಡಿಗಾಸು. ಬರ ಪರಿಹಾರ ನೋಡಲು ಸರ್ಕಾರ ಕಳಿಸಿದ್ದ ಅಧಿಕಾರಿ ರಿಚರ್ಡ್ ಟೆಂಪಲ್ ಗೊತ್ತುಮಾಡಿದ ಕೂಲಿ ಅದು.

ಇಲ್ಲಿ ಒಂದು ಸೂಕ್ಷ್ಮ ಇದೆ, ನನ್ನ ವಿದ್ಯಾರ್ಥಿಗಳಿಗೆ ಯಾವಾಗಲೂ ಕೇಳುತ್ತಿದ್ದ ಪ್ರಶ್ನೆ. ರೈಲು ಬಂದು ಐದು ವರ್ಷ ಆಗಿತ್ತು. ಮದ್ರಾಸಿನಿಂದ ಅಕ್ಕಿ ಮೂಟೆ ಬಳ್ಳಾರಿ ಸ್ಟೇಷನ್ನಿಗೆ ಬಂದು ಬೀಳುತ್ತಿತ್ತು. ಹಾಗಾದರೆ ಜನ ಯಾಕೆ ಸತ್ತರು? ಒಂದು, ಕೊಳ್ಳಲು ಕೈಯಲ್ಲಿ ಕಾಸಿರಲಿಲ್ಲ. ಇನ್ನೊಂದು, ಸ್ಟೇಷನ್ನಿನಿಂದ ಹಳ್ಳಿಗೆ ಒಯ್ಯುವವರು ಯಾರು? ಮೇವಿಲ್ಲದೆ, ನೀರಿಲ್ಲದೆ ಎತ್ತುಗಳು ಮೊದಲೇ ಸತ್ತಿದ್ದವು. ರೈಲು ಹತ್ತು ಹರದಾರಿ ಆಚೆ ಇದ್ದ ಊರಿಗೆ ಅದು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ.

1880ರ ಕ್ಷಾಮ ಆಯೋಗ ಇದನ್ನು ನೋಡಿಯೇ ಬರ ಬೀಳುವ ಸೀಮೆಗಳಿಗೆ ಇನ್ನೂ ಸಾವಿರಾರು ಮೈಲಿ ಹಳಿ ಬೇಕು ಅಂದದ್ದು. ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿದ್ದು 1882ರಲ್ಲಿ. ಕೊಪ್ಪಳದ ಮೇಲೆ ಹಾಯುವ ಹಳಿ ಆ ಬರದ ಕೂಸು. ಬೇಗ ಆಗಬೇಕು, ಅಗ್ಗ ಆಗಬೇಕು. ಅದಕ್ಕೆ ಸಣ್ಣ ಗೇಜು. ಅವರನ್ನು ಪೂರ್ತಿ ಬೈಯಲು ನನಗೆ ಮನಸ್ಸಾಗುವುದಿಲ್ಲ.

ಎರಿ ಮಸಾರಿ

ನನಗೆ ಮನಸ್ಸಾಗುತ್ತದೆ, ಬೈಯುತ್ತೇನೆ.

ಅಗ್ಗ ಎಂಬುದು ಕಟ್ಟುವ ದಿನದ ಲೆಕ್ಕ. ಓಡಿಸುವ ದಿನದ ಲೆಕ್ಕ ನೋಡಿ. ಬಳ್ಳಾರಿಯ ಸರಕು ಮದ್ರಾಸಿಗೆ ಹೋಗಬೇಕಾದರೆ ಗುಂತಕಲ್ಲಿನಲ್ಲಿ ಇಳಿಸಿ ಹತ್ತಿಸಬೇಕು. ಮುಂಬೈಗೆ ಹೋಗಬೇಕಾದರೆ ಗದಗ, ಬಾಗಲಕೋಟೆ, ವಿಜಾಪುರದ ಮೇಲೆ ಹೋಗಿ ಹೊಟಗಿಯಲ್ಲಿ ಇಳಿಸಿ ಹತ್ತಿಸಬೇಕು. ಹುಬ್ಬಳ್ಳಿ, ಬೆಳಗಾವಿ ಮೇಲೆ ಹೋದರೆ ಪುಣೆಯಲ್ಲಿ. ಇಳಿಸದೆ ಹೋಗುವ ಹತ್ತಿರದ ಬಂದರು ಅಂದರೆ ಮರ್ಮಗೋವಾ, ಅದೂ ಪೋರ್ಚುಗೀಸರ ಕೈಯಲ್ಲಿ. ಬಳ್ಳಾರಿ, ಕೊಪ್ಪಳ ಅಂದರೆ ಸುತ್ತ ಗೇಜಿನ ಬೇಲಿ ಹಾಕಿದ ಹೊಲ.

ನನ್ನ ಕೈಗೆ ಕೊಟ್ಟಿದ್ದರೆ ಹೀಗೆ ಮಾಡುತ್ತಿದ್ದೆ. ಭೂಮಿ ಮತ್ತು ಸೇತುವೆ ಕಂಬಗಳನ್ನು ಮಾತ್ರ ದೊಡ್ಡ ಗೇಜಿಗೆ ತಕ್ಕಂತೆ ಅಗಲ ಮಾಡಿಡಿ. ಮೇಲೆ ಹಾಕುವ ಕಂಬಿ ಹಗುರದ್ದೇ ಇರಲಿ, ಗಾಡಿ ನಿಧಾನ ಓಡಲಿ. ದುಡ್ಡು ಬಂದ ದಿನ ಕಂಬಿ ಬದಲಿಸಿ. ಮನೆ ಕಟ್ಟುವಾಗ ನಾವು ಮಾಡುವುದಿಲ್ಲವೇ? ಪಾಯ ಎರಡು ಅಂತಸ್ತಿಗೆ ಹಾಕಿ, ಸದ್ಯಕ್ಕೆ ಒಂದು ಕಟ್ಟಿಕೊಳ್ಳುತ್ತೇವೆ. ಗೇಜಿನಲ್ಲಿ ಉಳಿಸುವ ದುಡ್ಡಿನಲ್ಲಿ ದೊಡ್ಡ ಪಾಲು ಹಗುರ ಕಂಬಿಯಲ್ಲೇ ಉಳಿಯುತ್ತಿತ್ತು.

ಇನ್ನು ಮಣ್ಣಿನ ಮಾತು, ಇದು ನನ್ನ ಹೊಟ್ಟೆಪಾಡಿನ ವಿಷಯ, ಸ್ವಲ್ಪ ಉದ್ದವಾದರೆ ಸಹಿಸಿ. ದೋಆಬಿನಲ್ಲಿ ಎರಿ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲ, ಬೇಸಿಗೆಯಲ್ಲಿ ಬಿರಿದಾಗ ಬಿರುಕಿನಲ್ಲಿ ಕೈ ಇಟ್ಟು ನೋಡಿ. ಮೊಣಕೈವರೆಗೆ ಹೋಗುತ್ತದೆ, ಒಳಗೆ ಬೆರಳಿಗೆ ತಂಪು ಹತ್ತುತ್ತದೆ. ಮೊದಲ ಮಳೆ ಬಿದ್ದರೆ ಅದೇ ನೆಲ ಹಿಟ್ಟು ನಾದಿದ ಹಾಗೆ ಉಬ್ಬುತ್ತದೆ. ಇಂಥ ಮಣ್ಣನ್ನೇ ಪಕ್ಕದಲ್ಲಿ ಅಗೆದು ಕಟ್ಟೆ ಮಾಡಿ ಮೇಲೆ ಕಡಿ (ಜಲ್ಲಿಕಲ್ಲು) ಸುರಿದರೆ ಏನಾಗುತ್ತದೆ? ಗಾಡಿ ಹಾಯ್ದಂತೆಲ್ಲ ಕಡಿ ಕೆಳಗಿಳಿಯುತ್ತದೆ, ಕೆಸರು ಮೇಲೇರುತ್ತದೆ. ಕಡಿ ಎಷ್ಟು ಸುರಿದರೂ ನುಂಗುತ್ತದೆ. ಈಗ ನಾವು ಎರಿಯ ಮೇಲೆ ಸುಮಾರು ಒಂದು ಮೀಟರ್ ಗರಸಿನ ಹೊದಿಕೆ ಹಾಕದೆ ಕಡಿ ಹಾಕುವುದೇ ಇಲ್ಲ. ಆಗಿನವರು ಪಕ್ಕದ ಮಣ್ಣೇ ಸಾಕು ಅಂದರು, ಹತ್ತಿರದ್ದು ಅಗ್ಗ ಅಂತ. ತಮಾಷೆ ಅಂದರೆ ನಮ್ಮ ಸೀಮೆಯಲ್ಲಿ ಎರಿ ಪಕ್ಕದಲ್ಲೇ ಮಸಾರಿ (ಕೆಂಪು ಮಣ್ಣು) ಇರುತ್ತದೆ. ನಾಲ್ಕು ಮೈಲಿ ಆಚೆಯಿಂದ ಗರಸು ತಂದಿದ್ದರೆ ಸಾಕಿತ್ತು. ಹಳಿ ಹಾಕಿದ ಮೇಲೆ ಹಳಿಯ ಮೇಲೇ ತರಬಹುದಿತ್ತಲ್ಲ!

ಮಣ್ಣು ಅಗೆದ ಗುಂಡಿಗಳು ಹಳಿಯ ಎರಡೂ ಕಡೆ ಸಾಲು ಹೊಂಡ ಆದವು. ನೀರು ನಿಂತು ಸೊಳ್ಳೆ, ಚಳಿಜ್ವರ. ಅದರ ಖರ್ಚು ಯಾವ ಕಂಪನಿಯ ಲೆಕ್ಕದಲ್ಲೂ ಬರಲಿಲ್ಲ.

ಸಿಂಧನೂರು ಸೊಸಿ

ಎಲ್ಲಾರೂ ಗಂಡಸ್ರ ಇದ್ದೀರಿ ಅಂತ ಕಾಣತೈತಿ, ನಡುವ ಬರ್ಲ್ಯಾ?

ನನ್ನ ತವರು ಕೊಪ್ಪಳ ಹತ್ರ, ಕೊಟ್ಟದ್ದು ಸಿಂಧನೂರು. ನೀವು 1871 ಅಂತೀರಿ, 1882 ಅಂತೀರಿ. ನಮ್ಮೂರಿಗೆ ರೈಲು ಬಂದಿದ್ದು 2024ರಾಗ. ಗಿಣಿಗೇರಿ–ಮಹಬೂಬ್‌ನಗರ ಲೈನ್ ಮಂಜೂರಾಗಿದ್ದು 1997-98ರಾಗ ಅಂತ ಪೇಪರಿನ್ಯಾಗ ಓದಿದ್ದೆ. ಗಂಗಾವತಿಗೆ ಬರಾಕ 2019 ಆತು. ಹಂಗ ಕಾರಟಗಿ, ಆಮ್ಯಾಲೆ ನಮ್ಮೂರು.

ಮೊದಲ ದಿನ ಗಾಡಿ ಬಂದಾಗ ನಮ್ಮತ್ತಿ ತಾಟಿನ್ಯಾಗ ಕುಂಕುಮ, ಅರಿಶಿಣ, ತೆಂಗಿನಕಾಯಿ ಇಟಗೊಂಡು ಬಂದಿದ್ಳು. ಜನಾ ಅಂದ್ರ ಜನಾ. ಇಂಜಿನ್ ಹತ್ರ ಹೋಗಾಕ ಆಗಲಿಲ್ಲ. ಹಿಂದಿನ ಡಬ್ಬಿಗೆ ಕುಂಕುಮ ಹಚ್ಚಿ, ಹಳಿ ಪಕ್ಕದ ಕಲ್ಲಿಗೆ ಕಾಯಿ ಒಡದು ಬಂದ್ಳು. ಎಪ್ಪತ್ತರ ಮ್ಯಾಲೆ ವಯಸ್ಸು, ಅದ ಮೊದ್ಲ ಸಲ ರೈಲು ಕೈಲೆ ಮುಟ್ಟಿದ್ದು. "ಬೆಚ್ಚಗ ಐತೆವಾ, ಎಮ್ಮಿ ಮೈ ಇದ್ದಂಗ" ಅಂದ್ಳು.

ನನ್ನ ಪ್ರಶ್ನಿ ಇಷ್ಟ. ದೋಆಬ್ ಅಂದ್ರ ಎರಡು ಹೊಳಿ ನಡುವಿನ ನಾಡು. ಅದರ ಪೂರ್ವದ ಅಂಚಿಗೆ ಒಂದು ಹಳಿ, ದಕ್ಷಿಣದ ಅಂಚಿಗೆ ಒಂದು ಹಳಿ. ನಡುವ ಹೊಟ್ಟಿಗೆ ಏನೂ ಇಲ್ಲ. ಲಿಂಗಸುಗೂರು, ಮಸ್ಕಿ, ಸಿಂಧನೂರು, ಮಾನ್ವಿ. ಮದ್ಲ ಹಾಕಬೇಕಿದ್ದ ದಾರಿ ಈ ರಾಯಚೂರು–ಕೊಪ್ಪಳ ಅಡ್ಡದಾರಿ ಅಲ್ಲೇನ್ರಿ?

ಮಾನ್ವಿಯವ

ಅಕ್ಕಾ, ನೀವು ಬಂದದ್ದು ಛಲೋ ಆಯ್ತು. ನನ್ನ ದಾರ ಉತ್ತರ ದಕ್ಷಿಣ ಹಿಡಿದು ಕೂತಿತ್ತು. ನೀವು ಅಡ್ಡ ಹಿಡಿದ್ರಿ, ಅದೂ ಮಾನ್ವಿ ಮೇಲೇ ಹಾಯ್ತದೆ!

ಅಡತಿ ಅಂಗಡಿ

ಮಾನ್ವಿ ಬಿಟ್ಟು ಮಾತಿಲ್ಲ ಈ ಹುಡುಗಂದು.

ತಂಗಿ, ನೀ ಹೇಳೋ ದಾರಿ ಆಗ ಹಾಕಿದ್ರ ಯಾರೂ ಹತ್ತತಿರಲಿಲ್ಲವಾ. ಈಗ ಸಿಂಧನೂರು ಅಂದ್ರ ನೆಲ್ಲು, ಕಾರಟಗಿ ಅಂದ್ರ ರೈಸ್ ಮಿಲ್ಲು. ಅದೆಲ್ಲಾ ತುಂಗಭದ್ರಾ ಡ್ಯಾಮ್ ಬಂದ ಮ್ಯಾಲಿನ ಮಾತು, ನೀರು ಬಿಟ್ಟಿದ್ದು 1953. ಅದಕ್ಕೂ ಮುಂಚೆ ಅಲ್ಲಿ ಜ್ವಾಳ, ಸಜ್ಜಿ. ಮಳಿ ಬಂದ್ರ ಉಂಟು.

ನಿವೃತ್ತ ಮೇಷ್ಟ್ರು, ಬಳ್ಳಾರಿ

ಅಲ್ಲೇ ತಡೆಯಿರಿ. ನೀರಿನ ಮಾತು ಬಂತಲ್ಲ. ಆ ಕಾಲದಲ್ಲಿ ಒಬ್ಬ ಇಂಜಿನಿಯರ್ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದ, ಈ ದೇಶಕ್ಕೆ ರೈಲಿಗಿಂತ ಮೊದಲು ನೀರು ಬೇಕು ಅಂತ. ಆರ್ಥರ್ ಕಾಟನ್. ಗೋದಾವರಿ ಅಣೆಕಟ್ಟು ಕಟ್ಟಿದವನು. ಕಾಲುವೆ ತೋಡಿ, ಅದರಲ್ಲೇ ದೋಣಿ ಬಿಡಿ, ಹೊಲಕ್ಕೂ ನೀರು, ಸರಕಿಗೂ ದಾರಿ ಅಂತ ಅವನ ವಾದ. ತುಂಗಭದ್ರೆಗೆ ಹೊಸಪೇಟೆಯ ಹತ್ತಿರ ಜಲಾಶಯ ಕಟ್ಟಬಹುದು ಅಂತ 1860ರಲ್ಲೇ ಹೇಳಿದ್ದ. ಅದು ಆಗಲು ತೊಂಬತ್ತು ವರ್ಷ ಹಿಡಿಯಿತು.

ರೈಲಿಗೆ ಸುರಿದ ದುಡ್ಡಿನಲ್ಲಿ ಒಂದು ಪಾಲು ಅಲ್ಲಿಗೆ ಹೋಗಿದ್ದರೆ, ಸೊಸೆ ಹೇಳುವ ಅಡ್ಡದಾರಿಗೆ ಸರಕೂ ಸಿಗುತ್ತಿತ್ತು, ರೈಲೂ ತಾನಾಗಿ ಬರುತ್ತಿತ್ತು.

ಎರಿ ಮಸಾರಿ

ಮೇಷ್ಟ್ರೇ, ಕಾಟನ್ ಸಾಹೇಬರ ಮೇಲೆ ನನಗೂ ಗೌರವ ಇದೆ. ಆದರೆ ಅವರ ಮಾತು ಕೇಳಿ ಕಟ್ಟಿದ ಕರ್ನೂಲು–ಕಡಪ ಕಾಲುವೆ ಏನಾಯಿತು? ಅದಕ್ಕೂ ಕಂಪನಿ, ಅದಕ್ಕೂ ಬಡ್ಡಿ ಖಾತ್ರಿ. ಸುಂಕೇಸುಲದಲ್ಲಿ ತುಂಗಭದ್ರೆಗೆ ಒಡ್ಡು ಹಾಕಿ ತೋಡಿದರು. ದೋಣಿ ಲಾಭ ಕೊಡಲಿಲ್ಲ, ರೈತರೂ ಬೇಗ ನೀರು ಕೊಳ್ಳಲಿಲ್ಲ. ಕೊನೆಗೆ 1882ರಲ್ಲಿ ಸರ್ಕಾರವೇ ಕೊಂಡುಕೊಂಡಿತು. ಜಲಾಶಯ ಇಲ್ಲದ ಕಾಲುವೆ ಬೇಸಿಗೆಯಲ್ಲಿ ಒಣಗುತ್ತದೆ. ಒಣಗಿದ ಕಾಲುವೆಯಲ್ಲಿ ದೋಣಿಯನ್ನು ಎತ್ತು ಕಟ್ಟಿ ಎಳೆಯಬೇಕಾಗುತ್ತದೆ.

ನಿವೃತ್ತ ಮೇಷ್ಟ್ರು, ಬಳ್ಳಾರಿ

ಅದಕ್ಕೇ ಜಲಾಶಯ ಅಂದೆ ಸ್ವಾಮಿ. ನಾನು ಹೇಳಿದ್ದು ಹೊಸಪೇಟೆ, ನೀವು ಹೊಡೆದದ್ದು ಕರ್ನೂಲಿಗೆ.

ಎರಿ ಮಸಾರಿ

ಅದೂ ಸರಿ 🙏 ಹೊಸಪೇಟೆಯ ಮಟ್ಟಿಗೆ ಗೆದ್ದಿರಿ.

ಮೇಷ್ಟ್ರು "ಸುರಿದ ದುಡ್ಡು" ಅಂದರಲ್ಲ, ಅದರ ಬಗ್ಗೆಯೂ ಒಂದು ಮಾತು. ನನ್ನ ಪ್ರಕಾರ ಗೇಜಿಗಿಂತ, ಮಣ್ಣಿಗಿಂತ ದೊಡ್ಡ ತಪ್ಪು ಒಪ್ಪಂದದ ಕಾಗದದಲ್ಲೇ ಇತ್ತು. ಕಂಪನಿ ಎಷ್ಟು ಬಂಡವಾಳ ಹಾಕುತ್ತದೋ ಅದಕ್ಕೆ ವರ್ಷಕ್ಕೆ ನೂರಕ್ಕೆ 5 ಬಡ್ಡಿ ಖಾತ್ರಿ. ಲಾಭ ಬರದಿದ್ದರೆ ನಮ್ಮ ಕಂದಾಯದಿಂದ ತುಂಬಿಕೊಡಬೇಕು. ಜಮೀನು ಪುಕ್ಕಟೆ. ಹೀಗಿದ್ದ ಮೇಲೆ ಕೈ ಬಿಗಿ ಹಿಡಿಯುವವರು ಯಾರು? ಶುರುವಿನಲ್ಲಿ ಮೈಲಿಗೆ 8,000 ಪೌಂಡ್ ಆದೀತು ಅಂದದ್ದು ದೇಶದ ಒಟ್ಟು ಲೆಕ್ಕದಲ್ಲಿ ಸುಮಾರು 18,000ಕ್ಕೆ ಹೋಯಿತು. ಇಲ್ಲಿ ಹಣಕಾಸು ನೋಡಿಕೊಂಡಿದ್ದ ಮ್ಯಾಸಿ ಎಂಬ ಅಧಿಕಾರಿಯೇ 1872ರಲ್ಲಿ ಪಾರ್ಲಿಮೆಂಟಿನ ಸಮಿತಿಯ ಮುಂದೆ, ಆ ದುಡ್ಡನ್ನು ಹೂಗ್ಲಿ ಹೊಳೆಗೆ ಎಸೆದರೂ ಇಟ್ಟಿಗೆ ಗಾರೆ ಮಾಡಿದರೂ ಬಂಡವಾಳ ಹಾಕಿದವನಿಗೆ ಎರಡೂ ಒಂದೇ ಆಗಿತ್ತು ಎಂಬರ್ಥದಲ್ಲಿ ಸಾಕ್ಷಿ ಹೇಳಿದ್ದಾನೆ.

ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಅದೇ ಬಡ್ಡಿಯನ್ನು ಹಾಕಿದ ಬಂಡವಾಳಕ್ಕಲ್ಲ, ಗಾಡಿ ಓಡಿದ ಮೈಲಿಗೆ ಕೊಡುತ್ತೇವೆ ಅಂದಿದ್ದರೆ? ಸೊಲ್ಲಾಪುರದಲ್ಲಿ ನಿಂತ ಹಳಿ ಹನ್ನೊಂದು ವರ್ಷ ನಿಲ್ಲುತ್ತಿರಲಿಲ್ಲ. ಮಳೆಗಾಲದ ನೀರಿಗೆ ತೂಬು, ಮೋರಿ ಸಾಕಷ್ಟು ಬಿಡದೆ ಕಟ್ಟೆ ಹಾಕುತ್ತಲೂ ಇರಲಿಲ್ಲ. ಈ ದಾರಿಯಲ್ಲೇ, ಕಡಪ ಜಿಲ್ಲೆಯ ಮಂಗಪಟ್ನಂ ಹತ್ತಿರ 1902ರಲ್ಲಿ ಮಳೆನೀರಿಗೆ ಸೇತುವೆ ಕೊಚ್ಚಿಹೋಗಿ ಮೇಲ್ ಗಾಡಿ ಹಳ್ಳಕ್ಕೆ ಬಿತ್ತು. ಹಳ್ಳ ಅಂದರೆ ಬೇಸಿಗೆಯಲ್ಲಿ ಕುರಿ ದಾಟುವಂಥದ್ದು. ನಮ್ಮ ಸೀಮೆಯ ಹಳ್ಳಗಳನ್ನು ನಂಬುವ ಹಾಗಿಲ್ಲ.

ಅಡತಿ ಅಂಗಡಿ

ಮೈಲಿ ಲೆಕ್ಕದಾಗ ದುಡ್ಡು ಕೊಟ್ರ ಬೇಕಂತ ಸುತ್ತಿ ಸುತ್ತಿ ಹಾಕತಿದ್ರು ಸಾಹೇಬ್ರ. ನಾ ಆಗಿದ್ರ ಹಂಗ ಮಾಡತಿದ್ದೆ!

ಎರಿ ಮಸಾರಿ

😂 ಗುತ್ತಿಗೆದಾರರ ಬುದ್ಧಿ ನಿಮಗೆ ಚೆನ್ನಾಗಿ ಗೊತ್ತು. ಸರಿ, ಊರಿಂದ ಊರಿಗೆ ಇಷ್ಟು ಅಂತ ಗೊತ್ತು ಮಾಡಿ ಕೊಡೋಣ.

ಮಾನ್ವಿಯವ

ಇನ್ನೊಂದು ಅನುಮಾನ. ರಾಯಚೂರು ಆಗ ನಿಜಾಮನದಲ್ವಾ? ಬ್ರಿಟಿಷ್ ಕಂಪನಿಗಳು ಅವನ ನೆಲದಲ್ಲಿ ಸೇರಿಕೊಂಡಿದ್ದು ಹೆಂಗ?

ನಿವೃತ್ತ ಮೇಷ್ಟ್ರು, ಬಳ್ಳಾರಿ

ಒಳ್ಳೇ ಪ್ರಶ್ನೆ. 1853ರ ಒಪ್ಪಂದದಲ್ಲಿ ನಿಜಾಮ ಸೈನ್ಯದ ಬಾಕಿ ಲೆಕ್ಕಕ್ಕೆ ಬೇರಾರ್ ಜೊತೆಗೆ ರಾಯಚೂರು ದೋಆಬನ್ನೂ ಬ್ರಿಟಿಷರ ಸುಪರ್ದಿಗೆ ಕೊಟ್ಟಿದ್ದ. ಅಂದರೆ ಡಾಲ್‌ಹೌಸಿ ಟಿಪ್ಪಣಿ ಬರೆದ ವರ್ಷ ರಾಯಚೂರು ಅವರ ಕೈಯಲ್ಲೇ ಇತ್ತು. 57ರ ದಂಗೆಯಲ್ಲಿ ನಿಜಾಮ ಬ್ರಿಟಿಷರ ಪರ ನಿಂತದ್ದಕ್ಕೆ 1860ರಲ್ಲಿ ದೋಆಬ್ ವಾಪಸ್ ಬಂತು. ಹಳಿ ಬರುವ ಹೊತ್ತಿಗೆ ಯಜಮಾನ ಬದಲಾಗಿದ್ದ. ಹೈದರಾಬಾದಿಗೂ ರೈಲು ಬೇಕಿತ್ತು. ನಿಜಾಮನ ದುಡ್ಡಿನಲ್ಲೇ ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ಹಳಿ ಹೋಯಿತು. ನಿನ್ನ ದಾರ ಪೂರ್ವಕ್ಕೆ ಸೊಂಟ ತಿರುಗಿಸಿದ್ದಕ್ಕೆ ಹೊಳೆಯ ಜೊತೆ ಹೈದರಾಬಾದೂ ಒಂದು ಕಾರಣ ಇದ್ದೀತು ಎಂದು ನನ್ನ ಊಹೆ.

ಸುರಪುರದ ಮಾತು ಹೇಳಿದೆಯಲ್ಲ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕ ತೀರಿಹೋದ ಮೇಲೆ ಆ ಸಂಸ್ಥಾನವೇ ಮುಗಿಯಿತು. ಬಂಡೆದ್ದ ಊರಿನ ಮೇಲೆ ರೈಲು ತರಲು ಯಾರು ಅರ್ಜಿ ಹಾಕುತ್ತಿದ್ದರು?

ಸಿಂಧನೂರು ಸೊಸಿ

ಕೀಮನ್ ಮಗ ಅಣ್ಣಾರು ಎಲ್ಲಿ ಹೋದ್ರಿ? ನಿಮ್ಮಪ್ಪಾರ್ನ ಕೇಳ್ರಿ, ಅವರು ಏನಂತಾರ ಅಂತ. ನಾವು ಪುಸ್ತಕದ ಮಾತು ಆಡಾಕತ್ತೀವಿ.

ಕೀಮನ್ ಮಗ, ಕೊಪ್ಪಳ

ಕೇಳಿದೆ ಅಕ್ಕಾರ. ಅಪ್ಪ ಈಗ ಕಿವಿ ಮಂದ, ನಾಕು ಸಲ ಒದರಿ ಕೇಳಬೇಕಾತು.

ಎಲ್ಲಿ ಹಳಿ ಹಾಕಬೇಕಿತ್ತು ಅಂದ್ರ ನಕ್ಕ. ಆಮ್ಯಾಲೆ ಹೇಳಿದ್ದು ಇಷ್ಟು. ಗಿಣಿಗೇರಿ ಕಡೆ ಮಸಾರಿ, ಕಲ್ಲು. ಅಲ್ಲಿ ಡ್ಯೂಟಿ ಬಿದ್ರ ಮಳಿಗಾಲದಾಗೂ ಮನಿಗೆ ಬಂದು ನಿದ್ದಿ ಮಾಡತಿದ್ದೆ. ಭಾನಾಪುರ, ಬನ್ನಿಕೊಪ್ಪ ಕಡೆ ಎರಿ. ಅಲ್ಲಿ ಬಿದ್ರ ಮಳಿ ಸಪ್ಪಳಕ್ಕ ಎಚ್ಚರ ಆಗತಿತ್ತು. ರಾತ್ರಿ ಲಾಟೀನ್ ಹಿಡಕೊಂಡು ಹೋಗಿ ನೋಡಿದ್ರ ಹಳಿ ಒಂದು ಮಗ್ಗಲಿಗೆ ಬಗ್ಗಿರತಿತ್ತು, ಮುದುಕರು ಕೋಲು ಊರಿ ನಿಂತಂಗ. ಗ್ಯಾಂಗಿನವರು ಜ್ಯಾಕ್ ಹಚ್ಚಿ ಎತ್ತಿ ಕಡಿ ಬಡದು ಬರೋದು, ಎಂಟು ದಿನಕ್ಕ ಮತ್ತ ಅದ ಕತಿ. ಇಂಜಿನಿಯರ್ ಸಾಹೇಬ್ರು ಗರಸಿನ ಮಾತು ಹೇಳ್ಯಾರಲ್ಲ, ಅಪ್ಪಗ ಓದಿ ಹೇಳಿದೆ. "ಆ ಮನಿಷ್ಯಾ ಹಳಿ ಮ್ಯಾಲೆ ನಡದಾನ" ಅಂದ.

ಇನ್ನೊಂದು. ನಮ್ಮ ಹಿತ್ತಲದಾಗ ಒಂದು ಬೀಡಿನ ಬಟ್ಟಲು ಐತಿ, ಬೋರಲ ಹಾಕಿದ ಬಾನಿ ಇದ್ದಂಗ. ಅಜ್ಜನ ಕಾಲದಾಗ ಹರಾಜಿನ್ಯಾಗ ಬಂದಿದ್ದಂತ. ಗೆದ್ದಲಿ ಹತ್ತಬಾರದು ಅಂತ ಕಟ್ಟಿಗಿ ಬದ್ಲಿ ಆಗ ಇಂಥಾ ಕಬ್ಬಿಣದ ಬಟ್ಟಲನ ಹಳಿ ಕೆಳಗ ಸ್ಲೀಪರ್ ಮಾಡಿ ಇಡತಿದ್ರು. ಮ್ಯಾಲೆ ತೂತು ಅದಾವು, ಅದರಾಗಿಂದ ಒಳಗ ಉಸುಕು, ಕಡಿ ತುಂಬಿ ಬಡಿಯಾಕ. ನಾವು ತೂತಿಗೆ ಸಿಮೆಂಟ್ ಹಚ್ಚಿ ನೀರು ಹಾಕೀವಿ, ಕೋಳಿ ಕುಡೀತಾವ. ಫೋಟೋ ಹಾಕ್ತೀನಿ ತಡೀರಿ.

ಎರಿ ಮಸಾರಿ

ಬಟ್ಟಲು ಸ್ಲೀಪರ್! ದಯವಿಟ್ಟು ಗುಜರಿಗೆ ಹಾಕಬೇಡಿ. ಅಂಚಿನಲ್ಲಿ ಅಕ್ಷರ, ಇಸವಿ ಏನಾದರೂ ಎರಕ ಹೊಯ್ದಿದ್ದರೆ ತಿಕ್ಕಿ ನೋಡಿ. ಅಪ್ಪನವರಿಗೆ ನನ್ನ ನಮಸ್ಕಾರ ಹೇಳಿ. ಈ ಕೆಲಸಕ್ಕೆ ಬಂದ ಮೇಲೆ ನನಗೆ ಸಿಕ್ಕ ಒಳ್ಳೆಯ ಸರ್ಟಿಫಿಕೇಟ್ ಅದು.

ಮಾನ್ವಿಯವ

ಇಷ್ಟಾದ ಮೇಲೆ ನನ್ನ ಭೂಪಟ ತಿದ್ದಿದ್ದೀನಿ. ಗುತ್ತಿ–ಸೊಲ್ಲಾಪುರ ದಾರ ಬಿಚ್ಚಿಬಿಟ್ಟೆ. ಈಗಿರೋ ರಾಯಚೂರು ದಾರಿ ಹಂಗೇ ಇರಲಿ, 1871ರ ಬದಲು 1863 ಅಂತ ಪೆನ್ಸಿಲ್‌ನಲ್ಲಿ ಬರೆದೆ. ಬಳ್ಳಾರಿ–ಕೊಪ್ಪಳ–ಗದಗ ದಾರಿಗೆ ದಪ್ಪ ದಾರ, ಅಂದ್ರೆ ಕಂಬ ಮೊದಲಿಂದಲೂ ದೊಡ್ಡ ಗೇಜಿಗೆ. ಹೊಸಪೇಟೆ ಹತ್ತಿರ ನೀಲಿ ಗುಂಡುಪಿನ್ನು, ಜಲಾಶಯ. ಕೊನೆಗೆ ಗಿಣಿಗೇರಿಯಿಂದ ಸಿಂಧನೂರು, ಮಾನ್ವಿ ಮೇಲೆ ರಾಯಚೂರಿಗೆ ಅಡ್ಡ ದಾರ, ಕೆಂಪು ಬಣ್ಣದ್ದು. ಅದರಲ್ಲಿ ಸಿಂಧನೂರಿನವರೆಗೆ ನಿಜವಾದ ಹಳಿ ಬಂದಾಗಿದೆ. ಉಳಿದದ್ದು ಇನ್ನೂ ದಾರವೇ.

ಅಡತಿ ಅಂಗಡಿ

ಎಲ್ಲಾ ಆತು, ಅವ್ವನ ದಾರದುಂಡಿ ವಾಪಸ್ ಡಬ್ಬ್ಯಾಗ ಇಟ್ಟೀಯೋ ಇಲ್ಲೋ?

ಮಾನ್ವಿಯವ

ಕೆಂಪು ದಾರ ಪೂರಾ ಖಾಲಿ ಆಗಿದೆ ಮಾಮಾ. ಅವ್ವ ನಿನ್ನೆಯಿಂದ ಹುಡುಕಾಕತ್ಯಾಳ. ನಾಳೆ ರಾಯಚೂರಿಗೆ ಹೋದಾಗ ತರ್ತೀನಿ, ಬಸ್ಸಿನಲ್ಲಿ.